ಅಣುವಿನ ‘ಸಿನಿಮಾ’ ಎನ್ನುವ ಮೊದಲು: ಅತಿವೇಗದ ವಿವರ್ತನೆ ನಿಜಕ್ಕೂ ಏನನ್ನು ಅಳೆಯುತ್ತದೆ?

ಸೈಕ್ಲೊಬ್ಯೂಟನೋನ್ ಒಂದು ಪುಟ್ಟ ಅಣು. ನಾಲ್ಕು ಕಾರ್ಬನ್‌ಗಳ ಚೌಕ, ಒಂದು ಮೂಲೆಗೆ ಅಂಟಿದ ಆಕ್ಸಿಜನ್, ಉಳಿದ ಮೂರು ಮೂಲೆಗಳಿಗೆ ಎರಡೆರಡು ಹೈಡ್ರೋಜನ್. ಒಟ್ಟು ಹನ್ನೊಂದು ಪರಮಾಣುಗಳು. ಇದರ ಮೇಲೆ 200 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಬೆಳಕು ಬಿದ್ದರೆ ಚೌಕ ಬಿಚ್ಚಿಕೊಳ್ಳುತ್ತದೆ, ಆಮೇಲೆ ಚೂರಾಗುತ್ತದೆ. ಎಷ್ಟು ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ? ಯಾವ ಚೂರುಗಳು ಹೊರಬರುತ್ತವೆ? 2023ರಲ್ಲಿ ಸೈದ್ಧಾಂತಿಕ ರಸಾಯನಶಾಸ್ತ್ರಜ್ಞರ ಮುಂದೆ ಈ ಪ್ರಶ್ನೆ ಬಂದಾಗ ಅದಕ್ಕೊಂದು ವಿಚಿತ್ರ ಷರತ್ತೂ ಇತ್ತು. ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಈ ಅಣುವಿನ ಎಲೆಕ್ಟ್ರಾನ್ ವಿವರ್ತನೆ ಪ್ರಯೋಗ, ಅಂದರೆ ಅಣುಗಳ ಮೂಲಕ ಎಲೆಕ್ಟ್ರಾನ್ ಹಾಯಿಸಿ ಅವು ಚದುರುವ ವಿನ್ಯಾಸ ನೋಡುವ ಪ್ರಯೋಗ, ನಡೆಯಲಿದೆ. ಫಲಿತಾಂಶ ಹೊರಬೀಳುವ ಮೊದಲೇ ಡಿಟೆಕ್ಟರ್ ಮೇಲೆ ಏನು ಕಾಣಬೇಕೆಂದು ಲೆಕ್ಕ ಹಾಕಿ ಒಪ್ಪಿಸಬೇಕು. ಹತ್ತಕ್ಕೂ ಹೆಚ್ಚು ತಂಡಗಳು ಒಪ್ಪಿಸಿದವು. ಆ ಭವಿಷ್ಯವಾಣಿಗಳು ‘ಜರ್ನಲ್ ಆಫ್ ಕೆಮಿಕಲ್ ಫಿಸಿಕ್ಸ್’ ಪತ್ರಿಕೆಯಲ್ಲಿ 2024ರಲ್ಲಿ ಸಾಲುಸಾಲಾಗಿ ಅಚ್ಚಾದವು.

ಬೆಳಕು ನುಂಗಿ ಮೊದಲು ಏರುವ ಉದ್ರಿಕ್ತ (ಹೆಚ್ಚು ಶಕ್ತಿಯ) ಸ್ಥಿತಿಯಲ್ಲಿ ಅಣು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದಕ್ಕೆ ಒಂದು ತಂಡ ಹತ್ತಾರು ಫೆಮ್ಟೊಸೆಕೆಂಡ್ ಎಂದಿತು, ಇನ್ನೊಂದು ಹಲವು ಪಿಕೊಸೆಕೆಂಡ್ ಎಂದಿತು. ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ, ಫೆಮ್ಟೊಸೆಕೆಂಡ್ ಅದರ ಸಾವಿರದಲ್ಲೊಂದು. ನೂರು ಪಟ್ಟಿನ ಆಸುಪಾಸಿನ ಅಂತರ. ಎಲ್ಲರೂ ಬಳಸಿದ್ದು ಒಪ್ಪಿತ ವಿಧಾನಗಳನ್ನೇ.

ಈ ಸ್ಪರ್ಧೆ ಯಾಕೆ ಬೇಕಾಯಿತು ಎಂದು ತಿಳಿಯಲು ವಿವರ್ತನೆಯ ಒಳಗುಟ್ಟು ತಿಳಿಯಬೇಕು. ಸುದ್ದಿಗಳಲ್ಲಿ ಇದನ್ನು ‘ಅಣುವಿನ ಸಿನಿಮಾ’ ಎಂದು ಕರೆಯುವ ರೂಢಿ. ಆದರೆ ಕ್ಯಾಮೆರಾದಲ್ಲಿ ದಾಖಲಾಗುವುದು ಅಣುವಿನ ಚಿತ್ರವಲ್ಲ, ಮಸುಕಾದ ಉಂಗುರಗಳು. ಆ ಉಂಗುರಗಳಿಂದ ಅಣುವಿನ ಆಕಾರಕ್ಕೆ ಹೋಗುವ ದಾರಿಯಲ್ಲಿ ಲೆಕ್ಕಾಚಾರದ ಊರುಗೋಲು ಬೇಕೇ ಬೇಕು. ಲೆಕ್ಕ ಬರೆದವರೇ ಲೆಕ್ಕ ತಪಾಸಣೆಗೂ ಕೂತರೆ ಏನಾಗುತ್ತದೆಯೋ ಆ ಅಪಾಯ ಇಲ್ಲಿ ಸದಾ ಇದೆ.

ಚುಕ್ಕಿ ಇಲ್ಲ, ಉಂಗುರ ಮಾತ್ರ

ಹರಳಿನ ಮೂಲಕ ಎಲೆಕ್ಟ್ರಾನ್ ಹಾಯಿಸಿದರೆ ಚುಕ್ಕಿ ರಂಗೋಲಿಯಂತೆ ಸಾಲಾಗಿ ಬಿಂದುಗಳು ಮೂಡುತ್ತವೆ, ಏಕೆಂದರೆ ಅಲ್ಲಿನ ಅಣುಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿ ಕೂತಿವೆ. ಅನಿಲದಲ್ಲಿ ಪ್ರತಿ ಅಣುವೂ ತನಗೆ ತೋಚಿದ ದಿಕ್ಕಿಗೆ ತಿರುಗಿರುತ್ತದೆ. ದಿಕ್ಕಿನ ಮಾಹಿತಿ ಪೂರ್ತಿ ಅಳಿಸಿಹೋಗಿ, ಉಳಿಯುವುದು ಯಾವ ಎರಡು ಪರಮಾಣುಗಳ ನಡುವೆ ಎಷ್ಟು ಅಂತರ ಎಂಬುದೊಂದೇ. ಭೌತವಿಜ್ಞಾನಿ ಪೀಟರ್ ಡಿಬೈ 1915ರಲ್ಲೇ ಇದರ ಗಣಿತ ಬರೆದಿಟ್ಟರು: ಅಂತರ ‘ಆರ್’ ಇರುವ ಪ್ರತಿ ಜೋಡಿಯೂ ಒಂದು ಸೈನ್ ಅಲೆಯನ್ನು ಕೊಡುತ್ತದೆ, ಎಸ್ ಗುಣಿಸು ಆರ್‌ನ ಸೈನ್ ಬೆಲೆಯನ್ನು ಅದೇ ಗುಣಲಬ್ಧದಿಂದ ಭಾಗಿಸಿದಂತೆ. ಇಲ್ಲಿ ‘ಎಸ್’ ಎಂದರೆ ಚದುರಿದ ಕೋನದ ಅಳತೆ. ದೂರದ ಜೋಡಿ ಒತ್ತಾದ ಅಲೆ ಕೊಡುತ್ತದೆ, ಹತ್ತಿರದ ಜೋಡಿ ಅಗಲವಾದ ಅಲೆ. ಎಲ್ಲ ಜೋಡಿಗಳ ಅಲೆಗಳೂ ಒಂದರ ಮೇಲೊಂದು ಕೂಡಿ ಡಿಟೆಕ್ಟರ್ ಮೇಲೆ ಬೀಳುತ್ತವೆ. 1930ರಲ್ಲಿ ಜರ್ಮನಿಯ ಮಾರ್ಕ್ ಮತ್ತು ವೀರ್ಲ್ ಕಾರ್ಬನ್ ಟೆಟ್ರಾಕ್ಲೋರೈಡ್ ಆವಿಯಿಂದ ಇಂಥ ಉಂಗುರ ಪಡೆದು ಬಂಧದ ಉದ್ದ ಅಳೆದಿದ್ದರು. ಬಂಧಗಳ ಉದ್ದದ ಕೋಷ್ಟಕಗಳಲ್ಲಿ ಹಲವು ಸಂಖ್ಯೆಗಳು ಬಂದದ್ದು ಹೀಗೆ.

ಸೈಕ್ಲೊಬ್ಯೂಟನೋನ್‌ನಲ್ಲಿ ಹನ್ನೊಂದು ಪರಮಾಣು, ಅಂದರೆ 55 ಜೋಡಿ. ಎಲ್ಲ ಜೋಡಿಗಳ ಧ್ವನಿ ಸಮನಾಗಿರುವುದಿಲ್ಲ. ಜೋಡಿಯ ತೂಕ ಹೆಚ್ಚುಕಡಿಮೆ ಎರಡು ಪರಮಾಣು ಸಂಖ್ಯೆಗಳ ಗುಣಲಬ್ಧ: ಕಾರ್ಬನ್–ಆಕ್ಸಿಜನ್‌ಗೆ 48, ಕಾರ್ಬನ್–ಕಾರ್ಬನ್‌ಗೆ 36, ಕಾರ್ಬನ್–ಹೈಡ್ರೋಜನ್‌ಗೆ 6, ಎರಡು ಹೈಡ್ರೋಜನ್‌ಗಳ ನಡುವೆ ಬರೀ 1. ಹಾಗಾಗಿ ಕಿವಿಗೆ ಬೀಳುವುದು ಮುಖ್ಯವಾಗಿ ಐದು ಭಾರದ ಪರಮಾಣುಗಳ ಹತ್ತು ಜೋಡಿಗಳ ಮಾತು. ಎರಡು ಅಯೊಡಿನ್‌ಗಳ ಜೋಡಿಗೆ ಇದೇ ಲೆಕ್ಕದಲ್ಲಿ 2809 ಬರುತ್ತದೆ. ಈ ಕ್ಷೇತ್ರದ ಆರಂಭದ ಹಲವು ಪ್ರಯೋಗಗಳು ಅಯೊಡಿನ್ ಇರುವ ಅಣುಗಳ ಮೇಲೆ ನಡೆದದ್ದಕ್ಕೆ ಕಾರಣ ಇಷ್ಟೇ. ಅದರಲ್ಲಿ ರಾಸಾಯನಿಕ ಮಹತ್ವವೇನೂ ಹುಡುಕಬೇಕಿಲ್ಲ.

ಕ್ಯಾಲ್‌ಟೆಕ್‌ನಲ್ಲಿ ಅಹ್ಮದ್ ಜ್ವೈಲ್ ಅವರ ತಂಡ 2001ರಲ್ಲಿ ಎರಡು ಅಯೊಡಿನ್‌ಗಳಿರುವ ಟೆಟ್ರಾಫ್ಲೋರೊಈಥೇನ್‌ನಿಂದ ಒಂದು ಅಯೊಡಿನ್ ಕಳಚಿದ ಮೇಲೆ ಉಳಿಯುವ ಕ್ಷಣಿಕ ತುಂಡಿನ ಆಕಾರ ಹಿಡಿಯಿತು. ಉಳಿದ ಅಯೊಡಿನ್ ಎರಡು ಕಾರ್ಬನ್‌ಗಳ ನಡುವೆ ಸೇತುವೆಯಂತೆ ಕೂತಿದೆಯೋ, ಒಂದೇ ಕಾರ್ಬನ್‌ಗೆ ಅಂಟಿದೆಯೋ ಎಂಬುದು ಪ್ರಶ್ನೆಯಾಗಿತ್ತು. ಸೇತುವೆ ಅಲ್ಲ ಎಂದು ಉಂಗುರಗಳು ಹೇಳಿದವು. ಆಗಿನ ಕಾಲದ ಸಮಯ ಸೂಕ್ಷ್ಮತೆ ಕೆಲವು ಪಿಕೊಸೆಕೆಂಡ್. ಎರಡನೇ ಅಯೊಡಿನ್ ಕಳಚಲು ಹತ್ತಾರು ಪಿಕೊಸೆಕೆಂಡ್ ಬೇಕಾದ್ದರಿಂದ ಅದು ಸಾಕಾಯಿತು. ಆದರೆ ಬಂಧವೊಂದು ಮುರಿಯುವ ಕ್ಷಣ ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ಚಿಕ್ಕದು.

ಬೆಳಕು ಮುಂದೆ, ಎಲೆಕ್ಟ್ರಾನ್ ಹಿಂದೆ

ಪ್ರಯೋಗದ ಹಂದರ ಸರಳ. ಒಂದು ಲೇಸರ್ ಪಲ್ಸ್ ಅಣುವನ್ನು ಕೆರಳಿಸುತ್ತದೆ. ಅದಾದ ಇಂತಿಷ್ಟು ಹೊತ್ತಿಗೆ ಒಂದು ಎಲೆಕ್ಟ್ರಾನ್ ಗುಂಪು ಬಂದು ಚದುರುತ್ತದೆ. ಲೇಸರ್ ಸಾಗುವ ದಾರಿಯಲ್ಲಿ ಒಂದು ಕನ್ನಡಿ ಜೋಡಿಯನ್ನು ಹಿಂದೆಮುಂದೆ ಸರಿಸಿ ಆ ಹೊತ್ತನ್ನು ಬದಲಿಸುತ್ತಾರೆ: 15 ಮೈಕ್ರೊಮೀಟರ್ ಸರಿಸಿದರೆ ಬೆಳಕಿನ ಹಾದಿ 30 ಮೈಕ್ರೊಮೀಟರ್ ಬದಲಾಗಿ 100 ಫೆಮ್ಟೊಸೆಕೆಂಡ್ ವ್ಯತ್ಯಾಸ ಬೀಳುತ್ತದೆ. ಕಷ್ಟವೆಲ್ಲ ಇರುವುದು ಎಲೆಕ್ಟ್ರಾನ್ ಕಡೆ.

ಮೊದಲ ಕಷ್ಟ ವೇಗದ್ದು. ಅನಿಲದ ಚಿಲುಮೆ ಸುಮಾರು 300 ಮೈಕ್ರೊಮೀಟರ್ ಅಗಲವಿದೆ ಎಂದುಕೊಳ್ಳಿ. ಬೆಳಕು ಅದನ್ನು ದಾಟಲು 1 ಪಿಕೊಸೆಕೆಂಡ್ ಸಾಕು. 30 ಕಿಲೊ ಎಲೆಕ್ಟ್ರಾನ್ ವೋಲ್ಟ್ (ಇದು ಶಕ್ತಿಯ ಅಳತೆ) ಶಕ್ತಿಯ ಎಲೆಕ್ಟ್ರಾನ್ ಬೆಳಕಿನ ವೇಗದ ಮೂರನೇ ಒಂದು ಭಾಗದಲ್ಲಿ ಓಡುತ್ತದೆ, ಅದಕ್ಕೆ 3 ಪಿಕೊಸೆಕೆಂಡ್ ಬೇಕು. ಚಿಲುಮೆಯ ಈ ಬದಿಯ ಅಣುವಿಗೂ ಆ ಬದಿಯ ಅಣುವಿಗೂ ‘ಬೆಳಕು ಬಿದ್ದು ಎಷ್ಟು ಹೊತ್ತಾಯಿತು’ ಎಂಬ ಗಡಿಯಾರದಲ್ಲೇ 2 ಪಿಕೊಸೆಕೆಂಡ್ ಅಂತರ. 100 ಕಿಲೊ ಎಲೆಕ್ಟ್ರಾನ್ ವೋಲ್ಟ್‌ಗೆ ಏರಿಸಿದರೂ 0.8 ಪಿಕೊಸೆಕೆಂಡ್ ಉಳಿಯುತ್ತದೆ. ಪಲ್ಸ್ ಎಷ್ಟೇ ಚಿಕ್ಕದಾಗಿದ್ದರೂ ಇದು ಹೋಗುವುದಿಲ್ಲ. ತೆಳುವಾದ ಘನ ಪದರಕ್ಕೆ ಈ ತೊಂದರೆ ಇಲ್ಲ, ಅನಿಲಕ್ಕೆ ಮಾತ್ರ ಕಾಡುತ್ತದೆ. 3.7 ಮೆಗಾ ಎಲೆಕ್ಟ್ರಾನ್ ವೋಲ್ಟ್‌ಗೆ ಹೋದರೆ ಎಲೆಕ್ಟ್ರಾನ್‌ನ ವೇಗ ಬೆಳಕಿನ ವೇಗದ 0.993 ಭಾಗ, ಅಂತರ ಸುಮಾರು 7 ಫೆಮ್ಟೊಸೆಕೆಂಡ್‌ಗೆ ಇಳಿಯುತ್ತದೆ. ಸ್ಲ್ಯಾಕ್‌ನ ಯಂತ್ರ ಮೆಗಾ ಎಲೆಕ್ಟ್ರಾನ್ ವೋಲ್ಟ್‌ಗಳನ್ನು ಆರಿಸಿಕೊಂಡದ್ದಕ್ಕೆ ಇದೊಂದು ಮುಖ್ಯ ಕಾರಣ.

ಎರಡನೇ ಕಷ್ಟ ವಿಕರ್ಷಣೆ. ಒಂದೇ ಪಲ್ಸ್‌ನಲ್ಲಿ ಹತ್ತು ಸಾವಿರ ಎಲೆಕ್ಟ್ರಾನ್‌ಗಳನ್ನು ತುರುಕಿದರೆ ಅವು ಒಂದನ್ನೊಂದು ತಳ್ಳಿಕೊಂಡು, ಗುಂಪು ಹೋಗ್ತಾ ಹೋಗ್ತಾ ಉದ್ದವಾಗುತ್ತದೆ. ಸಾಪೇಕ್ಷತೆ ಇಲ್ಲಿ ನೆರವಿಗೆ ಬರುತ್ತದೆ. ಬೆಳಕಿನ ವೇಗಕ್ಕೆ ಹತ್ತಿರವಾದಷ್ಟೂ, ಎಷ್ಟು ತಳ್ಳಿದರೂ ಎಲೆಕ್ಟ್ರಾನ್‌ಗೆ ಮುಂದೋಡಲು ಜಾಗವೇ ಇರುವುದಿಲ್ಲ. 100 ಕಿಲೊ ಎಲೆಕ್ಟ್ರಾನ್ ವೋಲ್ಟ್‌ಗೆ ಹೋಲಿಸಿದರೆ 3.7 ಮೆಗಾದಲ್ಲಿ ಈ ಹಿಗ್ಗುವಿಕೆ ಸರಿಸುಮಾರು ಸಾವಿರ ಪಟ್ಟು ಕಡಿಮೆ.

ಇದಕ್ಕೆ ತೆರುವ ಬೆಲೆಯೂ ಇದೆ. ಅಷ್ಟು ವೇಗ ಕೊಡಲು ಬರೀ ಸ್ಥಿರ ವೋಲ್ಟೇಜ್ ಸಾಲದು, 2.856 ಗಿಗಾಹರ್ಟ್ಸ್ ರೇಡಿಯೊ ಅಲೆ ತುಂಬಿದ ತಾಮ್ರದ ಗೂಡಿನಲ್ಲಿ, ಕ್ಯಾಥೋಡ್ ಮೇಲೆ ನೇರಳಾತೀತ ಪಲ್ಸ್ ಬೀಳಿಸಿ ಎಲೆಕ್ಟ್ರಾನ್ ಎಬ್ಬಿಸಬೇಕು. ಆ ಅಲೆಯ ಒಂದು ಡಿಗ್ರಿ ಎಂದರೆ ಹತ್ತಿರ ಹತ್ತಿರ 1 ಪಿಕೊಸೆಕೆಂಡ್. ಅಲೆಯ ಹಂತವೋ ಬಲವೋ ಚೂರು ಅಲುಗಿದರೆ ಎಲೆಕ್ಟ್ರಾನ್‌ಗಳು ಬೇಗ ಅಥವಾ ತಡವಾಗಿ ತಲುಪುತ್ತವೆ. ಇದೇ ಜಿಟ್ಟರ್. ಲೆಕ್ಕಕ್ಕೆ ಹಿಡಿಯೋಣ: ಎಲೆಕ್ಟ್ರಾನ್ ಪಲ್ಸ್ 100 ಫೆಮ್ಟೊಸೆಕೆಂಡ್, ಲೇಸರ್ 80, ಜಿಟ್ಟರ್ 120, ವೇಗದ ಅಂತರ 10. ಇವನ್ನು ನೇರ ಕೂಡಿಸುವುದಲ್ಲ, ವರ್ಗಗಳನ್ನು ಕೂಡಿಸಿ ಮೂಲ ತೆಗೆಯಬೇಕು. ಸುಮಾರು 176 ಬರುತ್ತದೆ. ಜಿಟ್ಟರ್ ಒಂದನ್ನು ಪೂರ್ತಿ ತೆಗೆದರೆ 128. ಲೇಸರ್ ಅನ್ನು ಅರ್ಧಕ್ಕೆ ಇಳಿಸಿದರೆ 162. ದುಡ್ಡು ಮತ್ತು ಶ್ರಮ ಎಲ್ಲಿ ಹಾಕಬೇಕು ಎಂದು ಈ ಮೂರು ಸಂಖ್ಯೆಗಳೇ ಹೇಳುತ್ತವೆ. ಶಾಂಘೈ ಜಿಯಾಟೊಂಗ್ ವಿಶ್ವವಿದ್ಯಾಲಯ ಮತ್ತು ದಕ್ಷಿಣ ಕೊರಿಯಾದ ಪರಮಾಣು ಶಕ್ತಿ ಸಂಶೋಧನಾ ಸಂಸ್ಥೆಯ ತಂಡಗಳು ಎಲೆಕ್ಟ್ರಾನ್ ಹಾದಿಯನ್ನೇ ಕಾಂತಗಳಿಂದ ಬಗ್ಗಿಸಿದ್ದು ಇದಕ್ಕಾಗಿ. ಶಕ್ತಿ ಹೆಚ್ಚಿದ್ದು ಮೊದಲು ಬಂದ ಎಲೆಕ್ಟ್ರಾನ್ ತಿರುವಿನಲ್ಲಿ ಸುತ್ತುದಾರಿ ಹಿಡಿಯುತ್ತದೆ, ಹಿಂದುಳಿದದ್ದು ಒಳದಾರಿ. ಮಾದರಿಯ ಬಳಿ ಇಬ್ಬರೂ ಜೊತೆಗೂಡುತ್ತಾರೆ. 2020ರಲ್ಲಿ ಈ ಉಪಾಯದಿಂದ 50 ಫೆಮ್ಟೊಸೆಕೆಂಡ್‌ಗಿಂತ ಕೆಳಗಿಳಿದದ್ದು ವರದಿಯಾಯಿತು.

ಎಲ್ಲರಿಗೂ ವೇಗವರ್ಧಕ ಕಟ್ಟಲು ಆಗದು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡ 90 ಕಿಲೊ ಎಲೆಕ್ಟ್ರಾನ್ ವೋಲ್ಟ್ ಬಂದೂಕನ್ನೇ ಇಟ್ಟುಕೊಂಡು, ಲೇಸರ್ ಪಲ್ಸ್‌ನ ಮುಂಗಟ್ಟನ್ನು ಓರೆ ಮಾಡಿ ಎಲೆಕ್ಟ್ರಾನ್ ವೇಗಕ್ಕೆ ಹೊಂದಿಸಿತು. ಹರಡಿದ ಎಲೆಕ್ಟ್ರಾನ್‌ಗಳನ್ನು ರೇಡಿಯೊ ಅಲೆಯ ಗೂಡೊಂದು ಮತ್ತೆ ಒತ್ತಿ ಹಿಡಿಯುತ್ತದೆ. ಮೇಜಿನ ಗಾತ್ರದ ಸಲಕರಣೆಯಲ್ಲಿ ಸುಮಾರು 240 ಫೆಮ್ಟೊಸೆಕೆಂಡ್ ಸಿಕ್ಕಿತು. ನಮ್ಮ ಅಭಿಪ್ರಾಯದಲ್ಲಿ ಸಾಮಾನ್ಯ ವಿಶ್ವವಿದ್ಯಾಲಯಗಳಿಗೆ ಈ ದಾರಿಯೇ ಹೆಚ್ಚು ಉಪಯೋಗದ್ದು.

ಅನಿಲದ ತಲೆನೋವುಗಳು

ಎಲೆಕ್ಟ್ರಾನ್ ಬಂದೂಕಿಗೆ ಅತ್ಯುತ್ತಮ ನಿರ್ವಾತ ಬೇಕು. ಪ್ರಯೋಗದ ಕೋಣೆಗೆ ಮಾತ್ರ ನಾವೇ ಅನಿಲ ಊದುತ್ತಿದ್ದೇವೆ. ಎರಡರ ನಡುವೆ ಚಿಕ್ಕ ರಂಧ್ರಗಳಿಟ್ಟು, ಪ್ರತಿ ಖಾನೆಗೂ ಪ್ರತ್ಯೇಕ ಪಂಪ್ ಹಚ್ಚಿ, ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಅನಿಲ ಚಿಮ್ಮುವ ನಾಜಲ್ ಕಿಂಡಿ 100 ಮೈಕ್ರೊಮೀಟರ್ ಆಸುಪಾಸಿನದ್ದು. ಎಲೆಕ್ಟ್ರಾನ್ ಅದರ ತುದಿಗೆ ಎಷ್ಟು ಹತ್ತಿರದಲ್ಲಿ ಹಾದರೆ ಅಷ್ಟು ಒಳ್ಳೆಯದು, ಏಕೆಂದರೆ ಅನಿಲದ ಸಾಂದ್ರತೆ ಕಿಂಡಿಯಿಂದ ದೂರಾದಂತೆ ರಪ್ಪನೆ ಬೀಳುತ್ತದೆ. ತೀರಾ ಹತ್ತಿರ ಹೋದರೆ ಲೇಸರ್ ಅಂಚು ಲೋಹಕ್ಕೆ ತಾಗಿ ಅಲ್ಲಿಂದ ಎಲೆಕ್ಟ್ರಾನ್‌ಗಳು ಏಳುತ್ತವೆ, ಅವು ಮುಖ್ಯ ಎಲೆಕ್ಟ್ರಾನ್ ಕಿರಣವನ್ನೇ ತಳ್ಳುತ್ತವೆ. ಉಂಗುರದ ಕೇಂದ್ರ ಲೇಸರ್ ಬಿದ್ದಾಗಲೆಲ್ಲ ಒಂದೆರಡು ಪಿಕ್ಸೆಲ್ ಸರಿದರೆ ಅದು ಅಣುವಿನ ಸಂಕೇತವೆಂದೇ ಮೋಸಹೋಗಬಹುದು.

ಸಾಂದ್ರತೆ ಹೆಚ್ಚಿಸೋಣ ಎಂದು ನಾಜಲ್ ಹಿಂಬದಿಯ ಅನಿಲದ ಒತ್ತಡ ಏರಿಸಿದರೆ ಅಣುಗಳು ತಣ್ಣಗಾಗಿ ಗುಂಪುಗೂಡುತ್ತವೆ. ಆಗ ಅಳೆಯುತ್ತಿರುವುದು ಒಂಟಿ ಅಣುವನ್ನಲ್ಲ. ದ್ರವದಿಂದ ಆವಿ ತೆಗೆಯುವಾಗ ನಾಜಲ್ ಅನ್ನು ದ್ರವದ ಬುಡ್ಡಿಗಿಂತ ಬಿಸಿಯಾಗಿ ಇಡಬೇಕು, ಇಲ್ಲದಿದ್ದರೆ ಆವಿ ಕಿಂಡಿಯಲ್ಲೇ ಹನಿಗಟ್ಟಿ ಹರಿವು ಏರಿಳಿಯುತ್ತದೆ. ಗಂಟೆಗಟ್ಟಲೆ ನಡೆವ ಪ್ರಯೋಗದಲ್ಲಿ ಈ ಏರಿಳಿತ ಕಾಲದ ಬದಲಾವಣೆಯಂತೆಯೇ ಕಾಣುತ್ತದೆ. ಅದಕ್ಕೇ ಲೇಸರ್ ಮತ್ತು ಎಲೆಕ್ಟ್ರಾನ್ ನಡುವಿನ ವಿಳಂಬಗಳನ್ನು ಕ್ರಮವಾಗಿ ಒಂದಾದ ಮೇಲೊಂದು ಅಳೆಯುವುದಿಲ್ಲ; ಚೀಟಿ ಎತ್ತಿದಂತೆ ಕಲಸಿ, ಇಡೀ ಸುತ್ತನ್ನು ಹಲವು ಬಾರಿ ಮಾಡುತ್ತಾರೆ.

ಲೇಸರ್ ಶಕ್ತಿಯ ಆಯ್ಕೆ ಬಹುಶಃ ಎಲ್ಲಕ್ಕಿಂತ ಸೂಕ್ಷ್ಮದ್ದು. ಕಡಿಮೆ ಇದ್ದರೆ ಕೆರಳಿದ ಅಣುಗಳು ನೂರಕ್ಕೆ ಒಂದೆರಡು ಮಾತ್ರ. ಹೆಚ್ಚಿದ್ದರೆ ಒಂದು ಅಣು ಎರಡು ಫೋಟಾನ್ ನುಂಗಿ ಅಯಾನು ಆಗುತ್ತದೆ, ರಸಾಯನವೇ ಬೇರೆಯಾಗುತ್ತದೆ. ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಸಂಕೇತ ನೇರರೇಖೆಯಲ್ಲಿ ಏರುತ್ತದೆಯೇ ಎಂದು ನೋಡದೆ ಪ್ರಕಟಿಸಿದ ಫಲಿತಾಂಶವನ್ನು ಅನುಮಾನದಿಂದಲೇ ಓದಬೇಕು.

ಇನ್ನು ಎಣಿಕೆ. ಕೆರಳಿದ ಅಣು ನೂರಕ್ಕೆ ಐದು, ಅವುಗಳ ಉಂಗುರದಲ್ಲಿನ ಬದಲಾವಣೆ ಶೇ. 20 ಎಂದರೆ ಒಟ್ಟು ಬದಲಾವಣೆ ಶೇ. 1. ಆ ಒಂದನ್ನು ಹತ್ತರಲ್ಲೊಂದು ಭಾಗದ ನಿಖರತೆಯಲ್ಲಿ ಅಳೆಯಲು ಉಂಗುರದ ಪ್ರತಿ ಪಟ್ಟಿಗೂ ಹತ್ತು ಲಕ್ಷ ಎಣಿಕೆ ಬೇಕು. ಎಣಿಕೆಯಲ್ಲಿನ ತಪ್ಪು ವರ್ಗಮೂಲಕ್ಕೆ ತಕ್ಕಂತೆ ಮಾತ್ರ ಇಳಿಯುತ್ತದೆ. ಅದರ ಮೇಲೆ ಚದುರಿಕೆಯ ತೀವ್ರತೆ ‘ಎಸ್’ನ ನಾಲ್ಕನೇ ಘಾತದಂತೆ ಕುಸಿಯುವುದರಿಂದ, ಎಸ್ 1 ಇದ್ದಲ್ಲಿಂದ 10 ಇದ್ದಲ್ಲಿಗೆ ಹೋಗುವಷ್ಟರಲ್ಲಿ ಎಲೆಕ್ಟ್ರಾನ್‌ಗಳು ಹತ್ತು ಸಾವಿರ ಪಟ್ಟು ವಿರಳ. ಸೂಕ್ಷ್ಮ ವಿವರ ಇರುವುದು ಮಾತ್ರ ಆ ಹೊರ ಉಂಗುರಗಳಲ್ಲೇ.

ಜಾಗವೂ ಇಕ್ಕಟ್ಟು. 3.7 ಮೆಗಾ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಎಲೆಕ್ಟ್ರಾನ್‌ನ ತರಂಗಾಂತರ 0.003 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ). ಎಸ್ ಪ್ರತಿ ಆಂಗ್‌ಸ್ಟ್ರಮ್‌ಗೆ 10 ಇರುವ ಉಂಗುರ ಮೂರು ಮೀಟರ್ ಆಚೆಯ ಫಾಸ್ಫರ್ ಪರದೆಯ ಮೇಲೆ ಕೇಂದ್ರದಿಂದ ಒಂದೂವರೆ ಸೆಂಟಿಮೀಟರ್ ದೂರದಲ್ಲಷ್ಟೇ ಬೀಳುತ್ತದೆ. ಚದುರದೆ ನೇರ ಬಂದ ಎಲೆಕ್ಟ್ರಾನ್‌ಗಳೇ ಬಹುಪಾಲು. ಅವು ಪರದೆಯನ್ನು ಕುರುಡಾಗಿಸದಂತೆ ನಡುವೆ ತೂತು ಬಿಟ್ಟಿರುತ್ತಾರೆ. ಆ ತೂತಿನಿಂದಾಗಿ ತೀರಾ ಚಿಕ್ಕ ಕೋನದ ಮಾಹಿತಿ ಕಳೆದುಹೋಗುತ್ತದೆ.

ಉಂಗುರದಿಂದ ಆಕಾರಕ್ಕೆ

ಕೆರಳಿಸಿದ ಮೇಲಿನ ಉಂಗುರದಿಂದ ಕೆರಳಿಸದ ಉಂಗುರವನ್ನು ಕಳೆದರೆ ಡಿಟೆಕ್ಟರ್‌ನ ದೋಷ, ಪರಮಾಣುಗಳ ಒಂಟಿ ಚದುರಿಕೆ, ಹಿನ್ನೆಲೆ ಎಲ್ಲ ಹೆಚ್ಚುಕಡಿಮೆ ವಜಾ ಆಗುತ್ತವೆ. ಉಳಿದದ್ದಕ್ಕೆ ಸೈನ್ ಪರಿವರ್ತನೆ ಮಾಡಿದರೆ ಅಂತರಗಳ ನಕ್ಷೆ ಬರುತ್ತದೆ: ಇಲ್ಲವಾದ ಅಂತರದಲ್ಲಿ ತಗ್ಗು, ಹೊಸ ಅಂತರದಲ್ಲಿ ದಿಬ್ಬ. ಎಸ್ 10ರವರೆಗೆ ಮಾತ್ರ ಗೊತ್ತಿದ್ದರೆ ಎರಡು ಪೈ ಭಾಗಿಸು 10, ಅಂದರೆ ಸುಮಾರು 0.6 ಆಂಗ್‌ಸ್ಟ್ರಮ್‌ಗಿಂತ ಹತ್ತಿರದ ಎರಡು ಅಂತರಗಳು ಒಂದೇ ದಿಬ್ಬವಾಗಿ ಬೆರೆಯುತ್ತವೆ. ಸೈಕ್ಲೊಬ್ಯೂಟನೋನ್‌ನಲ್ಲಿ 1.2ರ ಕಾರ್ಬನ್–ಆಕ್ಸಿಜನ್ ಬಂಧವೂ 1.5ರ ಕಾರ್ಬನ್–ಕಾರ್ಬನ್ ಬಂಧವೂ ಹೀಗೆ ಬೆರೆತೇ ಕಾಣುತ್ತವೆ. ತೂತಿನಲ್ಲಿ ಕಳೆದುಹೋದ ಭಾಗವನ್ನು ಸೊನ್ನೆ ಎಂದು ತುಂಬಿದರೆ ನಕ್ಷೆಯಲ್ಲಿ ಇಲ್ಲದ ಅಲೆಗಳು ಏಳುತ್ತವೆ. ಸಿದ್ಧಾಂತದ ಸಂಖ್ಯೆಗಳಿಂದ ತುಂಬಿದರೆ ನಕ್ಷೆ ಚೆಂದವಾಗುತ್ತದೆ, ಆದರೆ ಅಲ್ಲಿಂದಲೇ ಸಿದ್ಧಾಂತ ಒಳಗೆ ನುಸುಳಿತು.

ಎರಡನೇ ನುಸುಳು ದಾರಿ ಕೆರಳಿದ ಅಣುಗಳ ಪ್ರಮಾಣ. ಅದನ್ನು ನೇರ ಅಳೆಯಲು ಬರುವುದಿಲ್ಲ. ‘ಹೆಚ್ಚು ಅಣುಗಳು ಸ್ವಲ್ಪ ಬದಲಾದವು’ ಎಂಬುದೂ ‘ಕಡಿಮೆ ಅಣುಗಳು ತುಂಬ ಬದಲಾದವು’ ಎಂಬುದೂ ಅನೇಕ ಸಲ ಒಂದೇ ಉಂಗುರ ಕೊಡುತ್ತವೆ. ಮೂರನೆಯದು ಹರಡಿಕೆ: ಬಿಸಿಯಾದ ಅಣುಗಳು ಒಂದೇ ಆಕಾರದಲ್ಲಿ ಇರುವುದಿಲ್ಲ, ಸಾವಿರ ಆಕಾರಗಳ ಜಾತ್ರೆ. ಹೀಗಾಗಿ ರೂಢಿಯಲ್ಲಿ ಮಾಡುವುದು ಇಷ್ಟು: ಅಣು ಆಕಾರ ಬದಲಿಸಬಹುದಾದ ನೂರಾರು ಪಥಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸಿ, ಪ್ರತಿಯೊಂದರ ಉಂಗುರ ಲೆಕ್ಕ ಹಾಕಿ, ಅಳತೆಯೊಂದಿಗೆ ಹೋಲಿಸುವುದು. ಹೊಂದಿದರೆ ಆ ಪಥಗಳ ಅನಿಮೇಶನ್ ‘ಸಿನಿಮಾ’ ಎಂದು ಸುದ್ದಿಗೆ ಹೋಗುತ್ತದೆ.

ಇದೆಲ್ಲ ಹೇಳಿದ್ದರಿಂದ ಈ ವಿದ್ಯೆ ಬರೀ ನಂಬಿಕೆಯ ಮೇಲೆ ನಿಂತಿದೆ ಎಂದಲ್ಲ. ಲೆಕ್ಕದ ಹಂಗು ಕಡಿಮೆ ಇರುವ ಜಾಣ ಪ್ರಯೋಗಗಳೂ ಇವೆ. ಕೆರಳಿಸುವ ಬೆಳಕಿಗೆ ಒಂದು ಧ್ರುವೀಕರಣ ದಿಕ್ಕಿದೆ, ಅಂದರೆ ಅದರ ಅಲೆ ಕಂಪಿಸುವ ದಿಕ್ಕು; ಆ ದಿಕ್ಕಿಗೆ ಒಗ್ಗಿದ ಅಣುಗಳೇ ಹೆಚ್ಚು ಕೆರಳುತ್ತವೆ, ಉಂಗುರ ಒಂದು ದಿಕ್ಕಿನ ಎರಡೂ ಬದಿಗಳಲ್ಲಿ ಗಾಢವಾಗುತ್ತದೆ. 2018ರಲ್ಲಿ ಟ್ರೈಫ್ಲೋರೊಅಯೊಡೊಮೀಥೇನ್ ಪ್ರಯೋಗದಲ್ಲಿ ಒಂದು ಫೋಟಾನ್ ನುಂಗಿದವು ಮತ್ತು ಎರಡು ನುಂಗಿದವು ಈ ಗಾಢತೆಯ ದಿಕ್ಕಿನಿಂದಲೇ ಬೇರೆಯಾದವು. 2020ರ ಪಿರಿಡೀನ್ ಪ್ರಯೋಗದಲ್ಲಿ ಇನ್ನೊಂದು ಕಿಟಕಿ ತೆರೆಯಿತು: ತೀರಾ ಚಿಕ್ಕ ಕೋನದಲ್ಲಿ, ಶಕ್ತಿ ಕಳೆದುಕೊಂಡು ಚದುರಿದ ಎಲೆಕ್ಟ್ರಾನ್‌ಗಳ ಪ್ರಮಾಣ ಅಣುವಿನ ಎಲೆಕ್ಟ್ರಾನಿಕ್ ಸ್ಥಿತಿಗೆ ತಕ್ಕಂತೆ ಬದಲಾಗುತ್ತದೆ. ದೊಡ್ಡ ಕೋನ ಆಕಾರವನ್ನು ಹೇಳಿದರೆ ಚಿಕ್ಕ ಕೋನ ಸ್ಥಿತಿಯನ್ನು, ಎರಡೂ ಒಂದೇ ಪರದೆಯ ಮೇಲೆ.

ಎಕ್ಸ್-ರೇ ಲೇಸರ್‌ಗಳು ಇದೇ ಕೆಲಸವನ್ನು ಇನ್ನೂ ಚಿಕ್ಕ ಪಲ್ಸ್‌ಗಳಿಂದ ಮಾಡುತ್ತವೆ. 9.5 ಕಿಲೊ ಎಲೆಕ್ಟ್ರಾನ್ ವೋಲ್ಟ್‌ನ ಎಕ್ಸ್-ರೇಯಲ್ಲಿ ಎಸ್ ನಾಲ್ಕೈದರ ಆಚೆ ಹೋಗುವುದು ಕಷ್ಟ, ಹಾಗಾಗಿ ಅಂತರದ ಸೂಕ್ಷ್ಮತೆ ಅರ್ಧಕ್ಕೂ ಕಡಿಮೆ. ಎಕ್ಸ್-ರೇ ಕಾಲದಲ್ಲಿ ಗೆಲ್ಲುತ್ತದೆ, ಎಲೆಕ್ಟ್ರಾನ್ ದೂರದಲ್ಲಿ.

ಲಕೋಟೆ ತೆರೆದಾಗ

ಸೈಕ್ಲೊಬ್ಯೂಟನೋನ್ ಸ್ಪರ್ಧೆಯ ಬೆಲೆ ಇಲ್ಲಿದೆ: ಅಳತೆ ನೋಡಿದ ಮೇಲೆ ಲೆಕ್ಕವನ್ನು ತಿದ್ದುವ ದಾರಿಯನ್ನೇ ಅದು ಮುಚ್ಚಿತು. ಫಲಿತಾಂಶ ಬಂದಾಗ ಎರಡೂ ಕಿಟಕಿಗಳು ಕೆಲಸ ಮಾಡಿದ್ದವು. ಚಿಕ್ಕ ಕೋನದ ಸಂಕೇತದ ಪ್ರಕಾರ ಅಣು ಮೊದಲು ಏರಿದ ಉದ್ರಿಕ್ತ ಸ್ಥಿತಿ ಸುಮಾರು 0.3 ಪಿಕೊಸೆಕೆಂಡ್‌ನಲ್ಲಿ ಖಾಲಿಯಾಗುತ್ತದೆ. ದೊಡ್ಡ ಕೋನದ ಸಂಕೇತದ ಪ್ರಕಾರ ಆಕಾರದ ಬದಲಾವಣೆ ಬೆಳಕು ಬಿದ್ದ 0.14 ಪಿಕೊಸೆಕೆಂಡ್‌ಗೇ ಶುರು. ಎರಡನೆಯದು ಮೊದಲನೆಯದಕ್ಕಿಂತ ಚಿಕ್ಕದು ಹೇಗೆ? 0.3 ಎಂಬುದು ಇಡೀ ಗುಂಪು ಕರಗುವ ಸರಾಸರಿ ಕಾಲ. ಮೊದಲು ಕೆಳಸ್ಥಿತಿಗೆ ಜಾರಿದ ಅಣುಗಳು ಯಾರಿಗೂ ಕಾಯದೆ ಕೂಡಲೇ ಚೌಕ ಬಿಚ್ಚುತ್ತವೆ. ಕೆಳಗಿಳಿದ ಮೇಲೆ ಅಲ್ಲಿ ತಂಗುವುದೇ ಇಲ್ಲ. ಆಮೇಲೆ 1.2 ಪಿಕೊಸೆಕೆಂಡ್‌ನ ಆಸುಪಾಸಿನಲ್ಲಿ ಬಿಚ್ಚಿದ ಸರಪಳಿ ಎರಡು ದಾರಿಗಳಲ್ಲಿ ಚೂರಾಗುತ್ತದೆ: ಒಂದರಲ್ಲಿ ಕೀಟೀನ್ ಮತ್ತು ಎಥಿಲೀನ್, ಇನ್ನೊಂದರಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಪ್ರೊಪೀನ್.

ಚೌಕ ತೆರೆಯುತ್ತದೆ, ಈ ಚೂರುಗಳು ಬರುತ್ತವೆ ಎಂಬುದನ್ನು ಹೆಚ್ಚಿನ ತಂಡಗಳು ಸರಿಯಾಗಿಯೇ ಹೇಳಿದ್ದವು. ಎಡವಿದ್ದು ಕಾಲದಲ್ಲಿ. ಮೊದಲು ಏರಿದ ಮೇಲಿನ ಸ್ಥಿತಿಗೂ ಜಾರಿ ಬೀಳುವ ಕೆಳಗಿನ ಸ್ಥಿತಿಗೂ ಇರುವ ಶಕ್ತಿಯ ಅಂತರದಲ್ಲಿ ಚೂರು ಹೆಚ್ಚುಕಮ್ಮಿಯಾದರೂ ಜಾರುವ ವೇಗ ಹಲವು ಪಟ್ಟು ಬದಲಾಗುತ್ತದೆ. ಮೇಲಿನದು ಎಲೆಕ್ಟ್ರಾನ್ ಅಣುವಿನಿಂದ ದೂರಕ್ಕೆ ಹರಡಿಕೊಂಡ ರಿಡ್‌ಬರ್ಗ್ ಸ್ಥಿತಿಯಾದ್ದರಿಂದ, ಲೆಕ್ಕದ ವಿಧಾನ ಅಷ್ಟು ದೂರದವರೆಗೆ ಕೈಚಾಚದಿದ್ದರೆ ತಪ್ಪು ಖಚಿತ.

ಒಂದು ವಿವಾದ ಮಾತ್ರ ಹಾಗೇ ಉಳಿದಿದೆ. ಅಣು ದಾರಿಯಲ್ಲಿ ಸ್ಪಿನ್ (ಎಲೆಕ್ಟ್ರಾನ್‌ನ ಕಾಂತೀಯ ದಿಕ್ಕು) ಬದಲಿಸಿ, ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ ಒಂದೇ ದಿಕ್ಕಿಗಿರುವ ಟ್ರಿಪ್ಲೆಟ್ ಸ್ಥಿತಿಗೆ ಹೋಗುತ್ತದೆಯೇ ಎಂಬುದರಲ್ಲಿ ತಂಡಗಳಿಗೆ ಒಮ್ಮತ ಇರಲಿಲ್ಲ. ಆಕಾರ ಒಂದೇ ಇದ್ದು ಸ್ಪಿನ್ ಮಾತ್ರ ಬೇರೆಯಾದರೆ ಪರಮಾಣುಗಳ ಅಂತರ ಬದಲಾಗುವುದಿಲ್ಲ, ಉಂಗುರವೂ ಬದಲಾಗುವುದಿಲ್ಲ. ಆ ಪ್ರಶ್ನೆಯನ್ನು ಫೋಟೊಎಲೆಕ್ಟ್ರಾನ್ ಅಥವಾ ಎಕ್ಸ್-ರೇ ಹೀರಿಕೆಯ ಪ್ರಯೋಗಗಳ ಮೇಜಿಗೇ ಕಳಿಸಬೇಕು.